ಅಕ್ಕಿಯಷ್ಟೇ ದಪ್ಪದ ಕಲ್ಲು: ರಕ್ತದಲ್ಲಿ ಎಕ್ಸೋಸೋಮ್ ಹೆಕ್ಕುವ ಕೆಲಸ

ಅಕ್ಕಿ ಆರಿಸಿ ಅಭ್ಯಾಸ ಇರುವವರಿಗೆ ಇದು ಗೊತ್ತು. ದೊಡ್ಡ ಕಲ್ಲು ಜರಡಿಯಲ್ಲೇ ನಿಲ್ಲುತ್ತದೆ. ಹೊಟ್ಟು ಮೊರದಲ್ಲಿ ಕೇರಿದರೆ ಹಾರಿಹೋಗುತ್ತದೆ. ಆದರೆ ಅಕ್ಕಿಯಷ್ಟೇ ದಪ್ಪ, ಅಕ್ಕಿಯಷ್ಟೇ ಬಿಳುಪು ಇರುವ ಕಲ್ಲು? ಅದಕ್ಕೆ ಜರಡಿಯೂ ಆಗದು, ಮೊರವೂ ಆಗದು. ತಟ್ಟೆಯಲ್ಲಿ ಹರಡಿಕೊಂಡು ಕಣ್ಣಿಟ್ಟು ಬೆರಳಲ್ಲೇ ಹೆಕ್ಕಬೇಕು.

ರಕ್ತದಲ್ಲಿ ಎಕ್ಸೋಸೋಮ್ ಹುಡುಕುವವರ ಪಾಡೂ ಹೀಗೇ.

ಎಕ್ಸೋಸೋಮ್ ಅಂದರೆ ನಮ್ಮ ಜೀವಕೋಶಗಳು ಹೊರಗೆ ಬಿಡುವ ಪುಟ್ಟ ಗುಳ್ಳೆ. ಅಗಲ ಸುಮಾರು 30ರಿಂದ 150 ನ್ಯಾನೋಮೀಟರ್. ಒಂದು ತಲೆಕೂದಲಿನ ದಪ್ಪದಲ್ಲಿ ಇಂಥ ನೂರಾರು ಗುಳ್ಳೆಗಳನ್ನು ಸಾಲಾಗಿ ಇಡಬಹುದು. ಜೀವಕೋಶದ ಒಳಗೆ ಒಂದು ಚೀಲ ಇರುತ್ತದೆ. ಅದರ ಗೋಡೆ ಅಲ್ಲಲ್ಲಿ ಒಳಕ್ಕೆ ಬಾಗಿ, ತುಂಡಾಗಿ, ಗುಳ್ಳೆಗಳಾಗುತ್ತವೆ. ಆ ಚೀಲ ಕೋಶದ ಅಂಚಿಗೆ ಬಂದು ಹೊರಪೊರೆಗೆ ಕೂಡಿಕೊಂಡು ಬಾಯಿ ಬಿಟ್ಟಾಗ, ಕಾಯಿ ಬಿರಿದು ಬೀಜ ಚೆಲ್ಲಿದ ಹಾಗೆ ಒಳಗಿದ್ದ ಗುಳ್ಳೆಗಳೆಲ್ಲ ಹೊರಗೆ ಬೀಳುತ್ತವೆ.

ಬಹಳ ದಿನ ಇವುಗಳಿಗೆ ಮರ್ಯಾದೆ ಇರಲಿಲ್ಲ. 1967ರಲ್ಲಿ ವಿಜ್ಞಾನಿ ಪೀಟರ್ ವುಲ್ಫ್ ರಕ್ತದಲ್ಲಿ ಕಂಡ ಇಂಥ ಸಣ್ಣ ಕಣಗಳನ್ನು 'ಪ್ಲೇಟ್‌ಲೆಟ್ ಧೂಳು' ಎಂದು ಕರೆದರು. 1983ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮತ್ತು ಕೆನಡಾದ ಮಾಂಟ್ರಿಯಲ್‌ನ ಎರಡು ತಂಡಗಳು ಇಲಿಯ, ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು ನೋಡುತ್ತಿದ್ದವು. ಕಣ ಬಲಿಯುತ್ತಾ ತನಗೆ ಬೇಡವಾದ ಒಂದು ಪ್ರೋಟೀನನ್ನು ಗುಳ್ಳೆಯಲ್ಲಿ ಕಟ್ಟಿ ಆಚೆ ಎಸೆಯುತ್ತಿತ್ತು. ಸರಿ, ಕಸದ ಚೀಲ ಇರಬೇಕು ಅಂದುಕೊಂಡರು. 1996ರಲ್ಲಿ ಬಿ-ಕೋಶ ಎಂಬ ಬಿಳಿ ರಕ್ತಕಣಗಳು ಬಿಟ್ಟ ಗುಳ್ಳೆಗಳು ಬೇರೆ ರೋಗನಿರೋಧಕ ಕೋಶಗಳನ್ನು ಎಬ್ಬಿಸಬಲ್ಲವು ಎಂದು ಗೊತ್ತಾಯಿತು. 2007ರಲ್ಲಿ ಸ್ವೀಡನ್ನಿನ ತಂಡವೊಂದು, ಈ ಗುಳ್ಳೆಗಳು ಒಂದು ಕೋಶದ ಆರ್‌ಎನ್‌ಎಯನ್ನು, ಅಂದರೆ ಜೀನಿನ ಸಂದೇಶ ಹೊರುವ ಅಣುವನ್ನು, ಇನ್ನೊಂದು ಕೋಶಕ್ಕೆ ದಾಟಿಸುತ್ತವೆ ಎಂದು ತೋರಿಸಿತು. ಆಮೇಲೆ ಎಲ್ಲರ ಕಣ್ಣೂ ಇವುಗಳ ಮೇಲೆ. ಕ್ಯಾನ್ಸರ್ ಗಡ್ಡೆಯೂ ಗುಳ್ಳೆ ಬಿಡುತ್ತದೆ, ಅದು ರಕ್ತಕ್ಕೆ ಬರುತ್ತದೆ. ಹಾಗಾದರೆ ಗಡ್ಡೆಗೆ ಸೂಜಿ ಚುಚ್ಚದೆ, ಒಂದು ಟ್ಯೂಬ್ ರಕ್ತದಲ್ಲೇ ಅದರ ಸುದ್ದಿ ಓದಬಹುದಲ್ವಾ?

ಓದಬಹುದು, ಗುಳ್ಳೆ ಕೈಗೆ ಸಿಕ್ಕರೆ. ಹಳೆಯ ದಾರಿ ಸೆಂಟ್ರಿಫ್ಯೂಜ್. ಭೂಮಿಯ ಎಳೆತದ 1,00,000 ಪಟ್ಟು ಬಲದಲ್ಲಿ ತಾಸುಗಟ್ಟಲೆ ತಿರುಗಿಸಿದರೆ ಗುಳ್ಳೆಗಳು ತಳಕ್ಕೆ ಕೂರುತ್ತವೆ. ಜೊತೆಗೆ ಗಂಟುಕಟ್ಟಿದ ಪ್ರೋಟೀನುಗಳೂ ಕೂರುತ್ತವೆ. ಅದಕ್ಕಿಂತ ದೊಡ್ಡ ತಲೆನೋವು ರಕ್ತದಲ್ಲಿ ಓಡಾಡುವ ಕೊಬ್ಬಿನ ಕಣಗಳು. ಗಾತ್ರ ನೋಡಿ ಬೇರ್ಪಡಿಸಲು ಹೋದರೆ ವಿಎಲ್‌ಡಿಎಲ್ ಕಣಗಳು ಎಕ್ಸೋಸೋಮಿನಷ್ಟೇ ದಪ್ಪ. ಸಾಂದ್ರತೆ ನೋಡಿ ಬೇರ್ಪಡಿಸಲು ಹೋದರೆ ಎಚ್‌ಡಿಎಲ್ ಕಣದ ಸಾಂದ್ರತೆಯೂ ಹೆಚ್ಚುಕಡಿಮೆ ಅಷ್ಟೇ. ಹೌದು, ಲ್ಯಾಬ್ ರಿಪೋರ್ಟಿನಲ್ಲಿ 'ಒಳ್ಳೆ ಕೊಲೆಸ್ಟ್ರಾಲ್' ಅಂತ ಬರುತ್ತದಲ್ಲ, ಅದೇ. ಜರಡಿಯೂ ಸೋತಿತು, ಮೊರವೂ ಸೋತಿತು.

ಬೆರಳಿನ ಕೆಲಸ ಮಾಡುವುದು ಆಂಟಿಬಾಡಿ, ಅಂದರೆ ತನಗೆ ಗೊತ್ತುಮಾಡಿದ ಗುರುತನ್ನೇ ಹುಡುಕಿ ಹಿಡಿಯುವ ಪ್ರೋಟೀನು. ಎಕ್ಸೋಸೋಮಿನ ಮೈಮೇಲೆ ಟೆಟ್ರಾಸ್ಪ್ಯಾನಿನ್ ಎಂಬ ಪ್ರೋಟೀನುಗಳಿವೆ. ಸೂಜಿದಾರದಲ್ಲಿ ಹೊಲಿದ ಹಾಗೆ ಇವು ಪೊರೆಯನ್ನು ನಾಲ್ಕು ಸಲ ದಾಟುತ್ತವೆ. ಹೊರಗಡೆ ಎರಡು ಕುಣಿಕೆ ಉಳಿಯುತ್ತವೆ. ಆಂಟಿಬಾಡಿ ಹಿಡಿಯುವುದು ಸಾಮಾನ್ಯವಾಗಿ ಇದರಲ್ಲಿ ದೊಡ್ಡ ಕುಣಿಕೆಯನ್ನು. ಸಿಡಿ9, ಸಿಡಿ63, ಸಿಡಿ81 ಎಂಬ ಮೂರಂತೂ ಈ ಕ್ಷೇತ್ರದಲ್ಲಿ ದಿನಾ ಬಾಯಿಗೆ ಬರುವ ಹೆಸರುಗಳು. (ಹೆಪಟೈಟಿಸ್ ಸಿ ವೈರಸ್ ಯಕೃತ್ತಿನ ಕೋಶದೊಳಗೆ ನುಗ್ಗಲು ಹಿಡಿದುಕೊಳ್ಳುವ ಹಿಡಿಗಳಲ್ಲಿ ಈ ಸಿಡಿ81 ಕೂಡ ಒಂದು. ಕಳ್ಳನೂ ಪೊಲೀಸನೂ ಹುಡುಕುವುದು ಒಂದೇ ಬಾಗಿಲನ್ನು!)

ಕೆಲಸ ನಡೆಯುವ ರೀತಿ ಸರಳ. ಕಬ್ಬಿಣದ ಆಕ್ಸೈಡ್ ತುಂಬಿದ ಪ್ಲಾಸ್ಟಿಕ್ ಮಣಿಗಳು, ಅಗಲ ಸುಮಾರು 3 ಮೈಕ್ರೋಮೀಟರ್. ಅವುಗಳ ಮೈಗೆಲ್ಲ ಸಿಡಿ63 ಹಿಡಿಯುವ ಆಂಟಿಬಾಡಿ ಅಂಟಿಸಿರುತ್ತಾರೆ. ಪ್ಲಾಸ್ಮಾಕ್ಕೆ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವಕ್ಕೆ) ಈ ಮಣಿ ಬೆರೆಸಿ, ಎಷ್ಟೋ ಸಲ ರಾತ್ರಿಯಿಡೀ, ತಂಪಿನಲ್ಲಿ ಮೆಲ್ಲಗೆ ತಿರುಗಲು ಬಿಡುತ್ತಾರೆ. ಬೆಳಿಗ್ಗೆ ಟ್ಯೂಬಿನ ಪಕ್ಕಕ್ಕೆ ಒಂದು ಆಯಸ್ಕಾಂತ ಹಿಡಿದರೆ ಆಯಿತು, ಕಂದು ಬಣ್ಣದ ಮಣಿಗಳು ಗೋಡೆಗೆ ಬಂದು ಕೂರುತ್ತವೆ. ಉಳಿದ ನೀರು ತೆಗೆದು, ಎರಡು ಮೂರು ಸಲ ತೊಳೆಯುತ್ತಾರೆ. ಮಣಿ ಹಲಸಿನಹಣ್ಣು ಅಂದುಕೊಂಡರೆ, ಅದರ ಮೈಗೆ ಕಡಲೆಕಾಳು ಅಂಟಿದಷ್ಟು ಕಾಣುತ್ತವೆ ಎಕ್ಸೋಸೋಮುಗಳು.

ಹೀಗೆ ಅಂಟಿಕೊಂಡದ್ದರಿಂದ ಇನ್ನೊಂದು ಲಾಭವೂ ಇದೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರ ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುತ್ತದೆ. ಸಾಮಾನ್ಯ ಯಂತ್ರಕ್ಕೆ ಒಂಟಿ ಎಕ್ಸೋಸೋಮ್ ಕಾಣುವುದಿಲ್ಲ, ಅಷ್ಟು ಚಿಕ್ಕದು. ಮಣಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮಣಿಗೆ ಸಿಕ್ಕ ಗುಳ್ಳೆಗಳ ಮೇಲೆ ಹೊಳೆಯುವ ಬಣ್ಣ ಕಟ್ಟಿದ ಎರಡನೇ ಆಂಟಿಬಾಡಿ ಹಾಕುತ್ತಾರೆ. ಇದು ಸಿಡಿ81 ಹಿಡಿಯುವಂಥದ್ದು. ಮಣಿ ಹೊಳೆದರೆ, ಸಿಡಿ63 ಮತ್ತು ಸಿಡಿ81 ಎರಡೂ ಒಂದೇ ಕಡೆ ಸಿಕ್ಕಿವೆ ಎಂದರ್ಥ. ಮನೆಯಲ್ಲೇ ಮಾಡಿಕೊಂಡ ಕೋವಿಡ್ ಕಿಟ್ ನೆನಪಿದೆಯಾ? ಅಲ್ಲಿ ಗೆರೆ ಮೂಡಿಸಿದ್ದೂ ಇದೇ ಜೋಡಿ ಆಂಟಿಬಾಡಿಯ ಉಪಾಯ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆಂಟಿಬಾಡಿ ಹಿಡಿಯುವುದು ಎಕ್ಸೋಸೋಮನ್ನಲ್ಲ, ಸಿಡಿ63 ಎಂಬ ಪ್ರೋಟೀನನ್ನು. ಈ ವ್ಯತ್ಯಾಸ ಸುಮ್ನೆ ಕೂದಲು ಸೀಳುವ ಮಾತಲ್ಲ. ಎಲ್ಲ ಎಕ್ಸೋಸೋಮುಗಳಲ್ಲೂ ಮೂರೂ ಗುರುತು ಇರುವುದಿಲ್ಲ. ಸಿಡಿ63 ಇರುವ ಗುಳ್ಳೆಗಳು ಜಾಸ್ತಿ ಒಳಗಿನ ಚೀಲದಿಂದ ಬಂದರೆ, ಸಿಡಿ9 ಇರುವವು ಎಷ್ಟೋ ಸಲ ಕೋಶದ ಹೊರಪೊರೆಯಿಂದಲೇ ಚಿವುಟಿಕೊಂಡು ಬಂದಂಥವು ಎಂದು 2021ರಲ್ಲಿ ಪ್ಯಾರಿಸ್‌ನ ಸಂಶೋಧಕರು ತೋರಿಸಿದರು. ಅವು ಎಕ್ಸೋಸೋಮೇ ಅಲ್ಲ.

ಅದೇ ವರ್ಷ ಬಂದ ಇನ್ನೊಂದು ಸುದ್ದಿ ಇನ್ನೂ ಖಾರವಾಗಿತ್ತು. ಮಿದುಳಿಗೆ ಸೂಜಿ ಹಾಕಿ ತುಣುಕು ತೆಗೆದು ನೋಡುವುದು ಸುಲಭವಲ್ಲ. ಅಲ್‌ಝೈಮರ್, ಪಾರ್ಕಿನ್ಸನ್ ಕಾಯಿಲೆಯವರ ನರಕೋಶಗಳ ಸ್ಥಿತಿ ರಕ್ತದಲ್ಲೇ ಗೊತ್ತಾದರೆ ಎಷ್ಟು ಚೆನ್ನ! ನರಕೋಶಗಳ ಮೈಮೇಲೆ ಎಲ್‌1ಕ್ಯಾಮ್ ಎಂಬ ಪ್ರೋಟೀನಿದೆ. ಅದಕ್ಕೆ ಆಂಟಿಬಾಡಿ ಹಾಕಿ ರಕ್ತದಿಂದ ಹಿಡಿದದ್ದೆಲ್ಲ ನರಕೋಶದ ಎಕ್ಸೋಸೋಮ್ ಎಂದು ನಂಬಿ ವರ್ಷಗಟ್ಟಲೆ ಪ್ರಬಂಧಗಳು ಬಂದವು. ಬಾಸ್ಟನ್ನಿನ ಡೇವಿಡ್ ವಾಲ್ಟ್ ಅವರ ತಂಡ ಒಂದು ಸಾದಾ ಪರೀಕ್ಷೆ ಮಾಡಿತು. ಪ್ಲಾಸ್ಮಾವನ್ನೂ ಮಿದುಳುಬಳ್ಳಿಯ ದ್ರವವನ್ನೂ ರಂಧ್ರಗಳಿರುವ ಸಣ್ಣ ಮಣಿ ತುಂಬಿದ ಕೊಳವೆಯಲ್ಲಿ ಇಳಿಸಿತು. ಇದು ತಲೆಕೆಳಗಾದ ಜರಡಿ. ದೊಡ್ಡ ಗುಳ್ಳೆಗಳು ಎಲ್ಲೂ ನಿಲ್ಲದೆ ಮೊದಲು ಹೊರಬರುತ್ತವೆ. ಚಿಕ್ಕ ಪ್ರೋಟೀನುಗಳು ರಂಧ್ರಗಳಲ್ಲೆಲ್ಲ ಹೊಕ್ಕು ಸುತ್ತಾಡಿ ತಡವಾಗಿ ಬರುತ್ತವೆ. ಸಿಡಿ9, ಸಿಡಿ63, ಸಿಡಿ81 ಮೊದಲು ಬಂದವು. ಎಲ್‌1ಕ್ಯಾಮ್ ಬಂದದ್ದು ತಡವಾಗಿ, ಬಿಡಿ ಪ್ರೋಟೀನುಗಳ ಗುಂಪಿನಲ್ಲಿ. ಅಂದರೆ ಗುಳ್ಳೆಗೆ ಅಂಟಿಕೊಂಡೇ ಇರಲಿಲ್ಲ! ಸಾಲದ್ದಕ್ಕೆ ಈ ಪ್ರೋಟೀನು ಮೂತ್ರಪಿಂಡದಂಥ ಬೇರೆ ಕಡೆಯಲ್ಲೂ ಇದೆ.

ಎಲ್ಲರೂ ಇದನ್ನು ಒಪ್ಪಿಕೊಂಡಿಲ್ಲ, ವಾದ ನಡೆದಿದೆ. ನನಗಂತೂ ಆಂಟಿಬಾಡಿಯ ಮೇಲೆ ಸಿಟ್ಟಿಲ್ಲ. ಏನು ಹಿಡಿ ಎಂದರೋ ಅದನ್ನೇ ಅದು ಹಿಡಿಯಿತು.

ಸಿಕ್ಕದ್ದು ಗುಳ್ಳೆಯೇ ಎಂದು ನೋಡಲು ಈಗ ಹಲವು ದಾರಿಗಳಿವೆ. ನನಗೆ ಇಷ್ಟವಾದದ್ದು ಸೋಪಿನ ಪರೀಕ್ಷೆ. ಗುಳ್ಳೆಯ ಒಳಗಿದೆ ಎನ್ನಲಾದ ಪ್ರೋಟೀನಿಗೆ, ಪ್ರೋಟೀನನ್ನೇ ತಿನ್ನುವ ಕಿಣ್ವ ಹಾಕುತ್ತಾರೆ. ಒಂದು ಟ್ಯೂಬಿಗೆ ಬರೀ ಕಿಣ್ವ. ಇನ್ನೊಂದಕ್ಕೆ ಕಿಣ್ವದ ಜೊತೆ ಸೋಪಿನಂಥ ಡಿಟರ್ಜೆಂಟ್. ಕೋವಿಡ್ ಕಾಲದಲ್ಲಿ ಕೈ ತಿಕ್ಕಿದಾಗ ವೈರಸ್ಸಿನ ಕೊಬ್ಬಿನ ಪೊರೆ ಒಡೆದ ಹಾಗೆಯೇ ಎಕ್ಸೋಸೋಮಿನ ಪೊರೆಯೂ ಡಿಟರ್ಜೆಂಟಿಗೆ ಒಡೆಯುತ್ತದೆ. ಮೊದಲ ಟ್ಯೂಬಿನಲ್ಲೇ ಪ್ರೋಟೀನು ಕರಗಿಹೋದರೆ ಅದು ಹೊರಗಡೆಯೇ ಇತ್ತು. ಅಲ್ಲಿ ಉಳಿದು, ಎರಡನೇ ಟ್ಯೂಬಿನಲ್ಲಿ ಮಾತ್ರ ಮಾಯವಾದರೆ, ಅದುವರೆಗೂ ಅದನ್ನು ಒಂದು ಪೊರೆ ಕಾಯುತ್ತಿತ್ತು.