ಪದ ಪರಿಚಯ: ಬಾಡಿಗೆ ಕಾರಿನ ಗುಪ್ತ ಶುಲ್ಕ

ಕಾರು ಗೊತ್ತುಮಾಡುವಾಗ ಯಾರೂ ಬಾಯಿ ಬಿಡದ, ಹಣ ಕೊಡುವಾಗ ಮಾತ್ರ ತಲೆ ಎತ್ತುವ ಖರ್ಚಿಗೆ ಗುಪ್ತ ಶುಲ್ಕ ಎನ್ನುತ್ತಾರೆ. ಟೋಲ್, ಪಾರ್ಕಿಂಗ್, ಚಾಲಕನ ಬಾಟಾ ಎಲ್ಲವನ್ನೂ ಈ ಹೆಸರಿನಡಿ ಗುಡ್ಡೆ ಹಾಕಿ ಬೈಯುವುದು ರೂಢಿಯಾಗಿದೆ. ಅದು ಅನ್ಯಾಯ. ಮೊದಲೇ ಹೇಳಿದ ಖರ್ಚು ದುಬಾರಿಯಾಗಿರಬಹುದು, ಗುಪ್ತವಂತೂ ಆಗಿರುವುದಿಲ್ಲ. ಮಲೆನಾಡಿನ ಪ್ರವಾಸದಲ್ಲಿ ಜೇಬಿಗೆ ನಿಜವಾದ ಕತ್ತರಿ ಬೀಳುವುದು ಬೇರೆ ಕಡೆ: ಕಿಲೋಮೀಟರನ್ನೂ ದಿನವನ್ನೂ ಎಣಿಸುವ ರೀತಿಯಲ್ಲಿ. ದರವನ್ನು ಎಲ್ಲರೂ ಕೇಳುತ್ತಾರೆ, ಎಣಿಕೆಯನ್ನು ಯಾರೂ ಕೇಳುವುದಿಲ್ಲ.

ಮೊದಲು ‘ಮಿನಿಮಮ್ ಕಿಲೋಮೀಟರ್’ ನೋಡೋಣ. ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಎಂದು ಲೆಕ್ಕ ಹಿಡಿಯುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ನೀವು ಅಷ್ಟು ಓಡಿಸದಿದ್ದರೂ ಅಷ್ಟಕ್ಕೆ ಹಣ ಕೊಡಬೇಕು. ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಮುನ್ನೂರು ಕಿಲೋಮೀಟರ್ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಇಲ್ಲಿ ಹಾಗಲ್ಲ. ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ನೋಡಿಕೊಂಡು ಎರಡನೆಯ ದಿನ ಸಂಜೆ ಮರಳಿದರೆ ಓಡುವುದು ಸುಮಾರು 230 ಕಿಲೋಮೀಟರ್. ದಿನಕ್ಕೆ 300ರ ಕಟ್ಟಳೆಯಿದ್ದರೆ ಬಿಲ್ಲಿನಲ್ಲಿ 600 ಇರುತ್ತದೆ. ಕಿಲೋಮೀಟರಿಗೆ 14 ರೂಪಾಯಿ, ಬಾಟಾ ದಿನಕ್ಕೆ 500 ಎಂದಿಟ್ಟುಕೊಳ್ಳಿ: 8,400ಕ್ಕೆ 1,000 ಕೂಡಿಸಿ 9,400 ರೂಪಾಯಿ. ಓಡಿದ ದೂರಕ್ಕೆ ಭಾಗಿಸಿದರೆ ಕಿಲೋಮೀಟರಿಗೆ 40 ರೂಪಾಯಿ ದಾಟಿತು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಕಾರಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ಇಡೀ ದಿನ ನಿಮಗೇ ಕಟ್ಟುಬಿದ್ದ ಗಾಡಿಗೆ ಆ ದಿನ ಬೇರೆ ಬಾಡಿಗೆ ಸಿಗುವುದಿಲ್ಲ. ಸಾಲದ ಕಂತು, ಪರ್ಮಿಟ್, ವಿಮೆ ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ಕನಿಷ್ಠ ದೂರ ಎಂಬ ನಿಯಮದಲ್ಲಿ ತಪ್ಪಿಲ್ಲ. ಅದನ್ನು ನುಂಗಿಕೊಂಡು ‘ಹದಿನಾಲ್ಕು ರೂಪಾಯಿ’ಯನ್ನು ಮಾತ್ರ ಹೇಳುವುದರಲ್ಲಿ ತಪ್ಪಿದೆ.

ದಿನದ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ದಿನವೆಂದರೆ 24 ಗಂಟೆ ಎಂದು ನಾವು ಎಣಿಸುತ್ತೇವೆ. ಎಷ್ಟೋ ಕಡೆ ಒಂದು ದಿನವೆಂದರೆ ಒಂದು ತಾರೀಖು, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟು, ಜೋಗ, ಸಿಗಂದೂರು ಮುಗಿಸಿ, ಸೋಮವಾರ ನಸುಕಿನ ಹನ್ನೆರಡೂವರೆಗೆ ಮನೆ ತಲುಪಿದ ಕುಟುಂಬ ಕಾರಿನಲ್ಲಿ ಕಳೆದದ್ದು ಐವತ್ತು ಗಂಟೆಯ ಆಸುಪಾಸು. ಬಿಲ್ಲಿನಲ್ಲಿ ಶುಕ್ರ, ಶನಿ, ಭಾನು, ಸೋಮ ಎಂದು ನಾಲ್ಕು ದಿನ. ನಾಲ್ಕು ಬಾಟಾ, 1,200 ಕಿಲೋಮೀಟರ್. ಹೊರಡುವುದನ್ನು ಎರಡು ಗಂಟೆ ಮುಂದೂಡಿ, ಊಟಕ್ಕೆ ನಿಲ್ಲಿಸಿದಲ್ಲಿ ಅರ್ಧ ಗಂಟೆ ಉಳಿಸಿದ್ದರೆ ಬಿಲ್ಲಿನಲ್ಲಿ ಎರಡೇ ದಿನ, ಎರಡೇ ಬಾಟಾ ಇರುತ್ತಿತ್ತು.

‘ಶೆಡ್ಡಿನಿಂದ ಶೆಡ್ಡಿಗೆ’ ಎಂಬ ಮಾತೂ ಕೇಳಿರುತ್ತೀರಿ. ಮೀಟರು ಓಡಲು ಶುರುವಾಗುವುದು ನಿಮ್ಮ ಅಂಗಳದಲ್ಲಲ್ಲ, ಕಾರು ನಿಲ್ಲುವ ಜಾಗದಲ್ಲಿ. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಮದುವೆಗೆ ಹೋಗಲು ಶಿವಮೊಗ್ಗದ ಕಾರು ತರಿಸಿದರೆ ಬರುವಾಗ ಅರುವತ್ತು, ಬಿಟ್ಟು ಹೋಗುವಾಗ ಅರುವತ್ತು ಕಿಲೋಮೀಟರ್ ಖಾಲಿ ಓಟವೂ ನಿಮ್ಮ ಹೆಸರಿಗೇ. ಒಂಟಿ ಮನೆಗಳ ನಮ್ಮ ಸೀಮೆಗೆ ಇದರ ಪೆಟ್ಟು ಪೇಟೆಯವರಿಗಿಂತ ಜೋರು. ತೀರ್ಥಹಳ್ಳಿಯಲ್ಲೇ ಕಾರು ಕೇಳಿ. ಕಿಲೋಮೀಟರಿಗೆ ಒಂದು ರೂಪಾಯಿ ಹೆಚ್ಚಾದರೂ ಒಟ್ಟಿನಲ್ಲಿ ಅಗ್ಗವಾದೀತು.

ಬಾಟಾ ಬಗ್ಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಆಗದು. ಅದು ಚಾಲಕನ ಊಟ, ವಸತಿಯ ಹಣ. ಬಾಟಾ ಎಷ್ಟು, ರಾತ್ರಿ ಓಡಿಸಿದರೆ ಹೆಚ್ಚುವರಿ ಎಷ್ಟು, ರಾತ್ರಿ ಎಂದರೆ ಎಷ್ಟು ಗಂಟೆಯಿಂದ ಎಂಬುದನ್ನು ಮೊದಲೇ ಕೇಳಿಕೊಂಡರೆ ಸಾಕು.

ಕಾಯುವಿಕೆಯ ಶುಲ್ಕ ಸ್ಥಳೀಯ ಬಾಡಿಗೆಗೆ ಅನ್ವಯಿಸುತ್ತದೆ. ‘8 ಗಂಟೆ, 80 ಕಿಲೋಮೀಟರ್’ ಎಂಬಂಥ ಪ್ಯಾಕೇಜುಗಳಲ್ಲಿ ಎರಡರಲ್ಲಿ ಯಾವುದು ಮೀರಿದರೂ ಹಣ. ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚಿಗೆ ಸರದಿಯಲ್ಲಿ ನಿಂತ ಕಾಲದಲ್ಲಿ ಗಂಟೆಗಳು ಹಾಗೇ ಕರಗುತ್ತಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ತಾಪತ್ರಯ ತಪ್ಪಿದೆ. ಕೊಡಚಾದ್ರಿಯದು ಬೇರೆ ಕಥೆ. ‘ಕೊಡಚಾದ್ರಿ ದರ್ಶನ’ ಎಂದು ಒಪ್ಪಿಕೊಂಡ ಕಾರು ಬುಡದಲ್ಲೇ ನಿಲ್ಲುತ್ತದೆ, ಮೇಲಕ್ಕೆ ಹತ್ತಿಸುವುದು ಸ್ಥಳೀಯ ಜೀಪುಗಳು, ಅದರ ಬಾಡಿಗೆ ಪ್ರತ್ಯೇಕ. ಇಲ್ಲಿಯವರಿಗೆ ಇದು ಗೊತ್ತಿರುವ ವಿಷಯ. ಹೊರಗಿನವರಿಗೆ ಅದೇ ಗುಪ್ತ ಶುಲ್ಕ.

ಟೋಲಿನಲ್ಲಿ ಒಂದು ಸಣ್ಣ ಚಾಲಾಕಿತನವಿದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್ ದಾಟಿ 24 ಗಂಟೆಯೊಳಗೆ ಮರಳಿದರೆ ಹೋಗಿಬರುವ ಶುಲ್ಕ ಒಂದು ಬದಿಯ ಶುಲ್ಕದ ಒಂದೂವರೆ ಪಟ್ಟು ಮಾತ್ರ. ಬಿಲ್ಲಿನಲ್ಲಿ ಎರಡು ಪಟ್ಟು ಬರೆದಿದ್ದರೆ ಉಳಿದರ್ಧ ಹೆದ್ದಾರಿಯವರಿಗೆ ಹೋಗಿಲ್ಲ. ಫಾಸ್ಟ್‌ಟ್ಯಾಗ್ ಕಡಿತದ ಸಂದೇಶ ಮೊಬೈಲಿಗೆ ಬಂದಿರುತ್ತದೆ, ತೋರಿಸಲು ಹೇಳಿ.

ಇನ್ನು ನಾವೇ ಓಡಿಸುವ ಬಾಡಿಗೆ ಕಾರು. ಇಲ್ಲಿ ಚಾಲಕನಿಲ್ಲ, ಬಾಟಾ ಇಲ್ಲ; ಠೇವಣಿ ಇದೆ, ಮತ್ತು ಎಲ್ಲ ಗುಪ್ತ ಶುಲ್ಕಗಳೂ ಆ ಠೇವಣಿಯೊಳಗಿಂದಲೇ ಕಳಚಿಕೊಳ್ಳುತ್ತವೆ. ತಡವಾದ ಗಂಟೆಗಳು, ಮಿತಿ ಮೀರಿದ ಕಿಲೋಮೀಟರು, ಕಡಿಮೆಯಾದ ಇಂಧನ, ತೊಳೆಯುವ ಖರ್ಚು. ಮಳೆಗಾಲದಲ್ಲಿ ಕೆಮ್ಮಣ್ಣು ಮೆತ್ತಿಸಿಕೊಳ್ಳದೆ ಮಲೆನಾಡಿನಿಂದ ಕಾರು ಮರಳಿಸುವುದು ಸಾಧ್ಯವೇ? ಭಯಪಡಬೇಕಾದದ್ದು ಹಾನಿಯ ಲೆಕ್ಕಕ್ಕೆ. ‘ವಿಮೆ ಇದೆ’ ಎಂಬ ಭರವಸೆಯ ಹಿಂದೆ, ಪ್ರತಿ ಹಾನಿಯಲ್ಲೂ ಗ್ರಾಹಕ ಇಂತಿಷ್ಟು ಭರಿಸತಕ್ಕದ್ದು ಎಂಬ ಷರತ್ತು ಇರುತ್ತದೆ. ಟೈರು ಮತ್ತು ಅಡಿಭಾಗದ ಪೆಟ್ಟನ್ನು ಹಲವು ಕರಾರುಗಳು ಹೊರಗಿಡುತ್ತವೆ. ಹೋಮ್‌ಸ್ಟೇಗೆ ಇಳಿಯುವ ಕಲ್ಲುದಾರಿಯಲ್ಲಿ ಮೊದಲು ತಾಗುವುದು ಅಡಿಭಾಗವೇ. ನೀರು ತುಂಬಿದ ಮೋರಿಯಲ್ಲಿ ಸಾಗಿ ಎಂಜಿನ್‌ಗೆ ನೀರು ನುಗ್ಗಿದರೆ ಸಾಮಾನ್ಯ ವಿಮೆ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು. ಕೀಲಿ ಪಡೆಯುವ ಮುನ್ನ ಕಾರಿನ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ. ಇಂಧನದ ಮುಳ್ಳು, ಓಡಿದ ಕಿಲೋಮೀಟರು, ಈಗಾಗಲೇ ಇರುವ ಗೀರುಗಳು ಅದರಲ್ಲಿರಲಿ.

ನಂಬರ್ ಪ್ಲೇಟನ್ನೂ ನೋಡಿ. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ, ಚಾಲಕನಿರುವ ಟ್ಯಾಕ್ಸಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ಪರಿಚಯದವರ ವೈಟ್‌ಬೋರ್ಡ್ ಕಾರು ಕಡಿಮೆಗೆ ಸಿಗುತ್ತದೆ, ನಿಜ. ಸ್ವಂತ ಬಳಕೆಯ ವಾಹನವನ್ನು ಬಾಡಿಗೆಗೆ ಓಡಿಸುವುದು ವಿಮೆಯ ಷರತ್ತಿನ ಉಲ್ಲಂಘನೆ. ಅಪಘಾತವಾದರೆ ಕಂಪನಿ ಕೈ ಎತ್ತಲು ಅಷ್ಟು ಸಾಕು. ಅದಕ್ಕಿಂತ ದೊಡ್ಡ ಗುಪ್ತ ಶುಲ್ಕ ನನಗೆ ಗೊತ್ತಿಲ್ಲ.

ಕಾನೂನಿನಲ್ಲಿ ಇದಕ್ಕೆ ಹತ್ತಿರದ ಪದ ‘ಡ್ರಿಪ್ ಪ್ರೈಸಿಂಗ್’. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಿನಲ್ಲಿ ಗ್ರಾಹಕರ ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯ 13 ಬಗೆಗಳಲ್ಲಿ ಇದೂ ಒಂದು: ಬೆಲೆಯ ಭಾಗಗಳನ್ನು ಮೊದಲೇ ಹೇಳದೆ, ಖರೀದಿ ಖಚಿತವಾದ ಮೇಲೆ ಹೊರಹಾಕುವುದು. ಗ್ರಾಹಕ ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ತೂರಿಸುವುದು ಅದೇ ಪಟ್ಟಿಯ ಇನ್ನೊಂದು ಬಗೆ. ಈ ಮಾರ್ಗಸೂಚಿ ಆ್ಯಪ್‌ಗಳಲ್ಲಿ ಕಾದಿರಿಸುವವರಿಗೆ ಹೆಚ್ಚು ಉಪಯೋಗ. ಸ್ಟ್ಯಾಂಡಿನಲ್ಲಿ ಬಾಯಿಮಾತಿನಲ್ಲಿ ಕಾರು ಮಾಡಿಕೊಂಡವರಿಗೂ ದಾರಿಯಿದೆ: 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಲ್ಲಿ ತೋರಿಸಲು ಒಂದು ಚೂರು ಬರಹವಾದರೂ ಕೈಯಲ್ಲಿರಬೇಕು. ಮುಂಗಡ ಕೊಡುವ ಮೊದಲು ವಾಟ್ಸ್‌ಆ್ಯಪಿನಲ್ಲಿ ಇಷ್ಟು ಬರೆದು ಕಳಿಸಿ, ಉತ್ತರ ಬರುವವರೆಗೆ ಕಾಯಿರಿ: ‘ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್? ದಿನ ಎಂದರೆ ತಾರೀಖೋ, 24 ಗಂಟೆಯೋ? ಮೀಟರು ಎಲ್ಲಿಂದ ಶುರು? ಬಾಟಾ, ಟೋಲ್, ಜಿಎಸ್‌ಟಿ ಸೇರಿದೆಯೇ?’