ಪದ ಪರಿಚಯ: ಟಿಬೆಟ್ ಸಪೋರ್ಟ್ ಗ್ರೂಪ್, ಅಂದ್ರೆ ಬೆನ್ನಿಗೆ ನಿಲ್ಲುವವರು

ಬೈಲುಕುಪ್ಪೆ ಕಡೆ ಹೋದವರು ‘ಫ್ರೀ ಟಿಬೆಟ್’ ಅನ್ನೋ ಸ್ಟಿಕ್ಕರ್ ನೋಡೇ ಇರುತ್ತೀರಿ. ಬೈಕಿನ ಹಿಂದೆ, ಮೋಮೊ ಅಂಗಡಿಯ ಗಾಜಿನ ಮೇಲೆ, ಎಲ್ಲಾದರೂ ಒಂದು ಕಡೆ. ಫ್ರೀ ಅಂದ ತಕ್ಷಣ ನಮಗೆ ನೆನಪಾಗೋದು ಪುಕ್ಕಟೆ ಅನ್ನೋ ಅರ್ಥ, ಒಂದು ತಗೊಂಡ್ರೆ ಒಂದು ಫ್ರೀ ಅನ್ನೋ ಥರ. ಇಲ್ಲಿ ಅದು ‘ಚೀನಾದ ಹಿಡಿತದಿಂದ ಬಿಡುಗಡೆ ಮಾಡಿ’ ಅಂತ. ಈ ಎರಡು ಪದಗಳನ್ನ ಲಂಡನ್ನಿನ ಬೀದಿಗೆ, ನ್ಯೂಯಾರ್ಕಿನ ಕಾಲೇಜಿಗೆ, ಜರ್ಮನಿಯ ನಾವು ಹೆಸರೇ ಕೇಳದ ಊರುಗಳಿಗೆ ಮುಟ್ಟಿಸಿದವರು ಯಾರು ಅಂತ ಹುಡುಕಿಕೊಂಡು ಹೋದರೆ ಸಿಗೋದೇ ಇವತ್ತಿನ ಪದ, ಟಿಬೆಟ್ ಸಪೋರ್ಟ್ ಗ್ರೂಪ್. ಈ ಕೆಲಸದಲ್ಲಿ ಇರುವವರು ಅಷ್ಟುದ್ದ ಹೇಳುವುದಿಲ್ಲ. ಟಿ.ಎಸ್.ಜಿ. ಅನ್ನುತ್ತಾರೆ.

ಅರ್ಥ ಸರಳ. ಟಿಬೆಟಿನ ಹೊರಗೆ, ಬೇರೆ ಬೇರೆ ದೇಶಗಳಲ್ಲಿ, ಹೆಚ್ಚಾಗಿ ಟಿಬೆಟನ್ನರಲ್ಲದ ಜನ ಟಿಬೆಟನ್ನರ ಪರವಾಗಿ ಕಟ್ಟಿಕೊಂಡ ಗುಂಪು. ಸರ್ಕಾರದ ಕಚೇರಿ ಅಲ್ಲ, ಪಕ್ಷವೂ ಅಲ್ಲ. ಕೆಲವು ದೊಡ್ಡ ಗುಂಪುಗಳಲ್ಲಿ ಸಂಬಳಕ್ಕೆ ದುಡಿಯುವವರು ಇದ್ದಾರೆ. ಸಣ್ಣವುಗಳಲ್ಲಿ ಮೇಷ್ಟ್ರು, ನರ್ಸು, ರಿಟೈರ್ ಆದವರು, ಕಾಲೇಜು ಹುಡುಗರು ಸೇರಿಕೊಂಡು ಸಂಜೆ ಹೊತ್ತು, ಶನಿವಾರ ಭಾನುವಾರ ಕೆಲಸ ಮಾಡುತ್ತಾರೆ. ಜೈಲಲ್ಲಿರುವವರ ಪರ ಪತ್ರ ಬರೆಯುವುದು, ಸಹಿ ಸಂಗ್ರಹ, ತಮ್ಮ ಸಂಸದರ ಮನೆ ಬಾಗಿಲು ತಟ್ಟುವುದು, 1959ರ ಲಾಸಾ ದಂಗೆಯ ನೆನಪಿಗೆ ಮಾರ್ಚ್ 10ಕ್ಕೆ ಮೆರವಣಿಗೆ.

ಬೆಂಬಲ ಅನ್ನೋ ಕನ್ನಡ ಪದವನ್ನ ಬಿಡಿಸಿ ನೋಡಿ. ಬೆನ್ ಅಂದರೆ ಬೆನ್ನು, ಅದಕ್ಕೆ ಬಲ ಸೇರಿ ಬೆಂಬಲ. ದಿನಾ ಬಳಸುತ್ತೇವೆ, ಒಳಗೆ ಬೆನ್ನು ಕೂತಿರುವುದು ಗಮನಕ್ಕೇ ಬರುವುದಿಲ್ಲ. ಈಗ ಟಿಬೆಟನ್ ಭಾಷೆಗೆ ಬನ್ನಿ. ಬೆಂಬಲಕ್ಕೆ ಅವರು ‘ಗ್ಯಬ್‌ಕ್ಯೋರ್’ ಅನ್ನುತ್ತಾರೆ. ಗ್ಯಬ್ ಅಂದರೆ ಬೆನ್ನು. ಕ್ಯೋರ್ ಅಂದರೆ ಆನಿಕೆ ಕೊಡು, ಬೀಳದ ಹಾಗೆ ಹಿಡಿದುಕೋ. ಎಲ್ಲಿಯ ಟಿಬೆಟನ್, ಎಲ್ಲಿಯ ಕನ್ನಡ, ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಭಾಷೆಗಳು, ಆದರೂ ಎರಡೂ ಕಡೆ ಬೆಂಬಲಿಸುವವನು ನಿಲ್ಲೋದು ಬೆನ್ನ ಹಿಂದೆ. ಮುಂದೆ ಅಲ್ಲ. ಟಿ.ಎಸ್.ಜಿ.ಗಳ ಒಳಗೆ ನಡೆದ ಜಗಳಗಳಲ್ಲಿ ಎಷ್ಟೋ ಇದೇ ವಿಷಯಕ್ಕೆ: ಯಾರು ಮುಂದೆ, ಯಾರು ಹಿಂದೆ.

ಏನು ಟಿ.ಎಸ್.ಜಿ. ಅಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಹಿಮಾಚಲದ ಧರ್ಮಶಾಲೆ ಅನ್ನೋ ಊರಲ್ಲಿರುವ, ದೇಶ ಬಿಟ್ಟು ಬಂದ ಟಿಬೆಟನ್ನರ ಆಡಳಿತಕ್ಕೆ ಹೊರದೇಶಗಳಲ್ಲಿ ಕಚೇರಿಗಳಿವೆ, ಅವು ಬೇರೆ. 1970ರಲ್ಲಿ ಹುಟ್ಟಿದ ಟಿಬೆಟನ್ ಯೂತ್ ಕಾಂಗ್ರೆಸ್ ಟಿಬೆಟನ್ನರದೇ ಸಂಘಟನೆ. ಇನ್ನು ನಮ್ಮ ಕಡೆಯ ಟಿಬೆಟನ್ ಕ್ಯಾಂಪುಗಳಲ್ಲಿ ‘ಸ್ಪಾನ್ಸರ್’ ಅನ್ನೋ ಮಾತು ಜಾಸ್ತಿ ಕೇಳಿಸುತ್ತದೆ. ಯಾವುದೋ ದೇಶದ ಅಜ್ಜಿಯೊಬ್ಬರು ಇಲ್ಲಿಯ ಮಗುವಿನ ಸ್ಕೂಲ್ ಫೀಸು ಕಟ್ಟುತ್ತಾರಲ್ಲ, ಅದು. ಒಳ್ಳೆಯ ಕೆಲಸವೇ, ಆದರೆ ಅದು ನೆರವು. ಟಿ.ಎಸ್.ಜಿ. ಮಾಡೋದು ರಾಜಕೀಯ. ಒಬ್ಬರೇ ಎರಡೂ ಮಾಡಬಹುದು, ಮಾಡುತ್ತಾರೆ ಕೂಡ.

ಮೊದಲ ಗುಂಪು ಹುಟ್ಟಿದ್ದು 1959ರಲ್ಲಿ, ಬ್ರಿಟನ್ನಿನಲ್ಲಿ. ಆ ವರ್ಷ ಮಾರ್ಚ್ 10ಕ್ಕೆ ಟಿಬೆಟಿನ ರಾಜಧಾನಿ ಲಾಸಾದಲ್ಲಿ ಜನ ಚೀನಾದ ವಿರುದ್ಧ ದಂಗೆ ಎದ್ದರು, ದಲೈ ಲಾಮಾ ತಿಂಗಳ ಕೊನೆಗೆ ಭಾರತದ ಗಡಿ ದಾಟಿದರು. ಅದೇ ವರ್ಷ ಟಿಬೆಟ್ ಸೊಸೈಟಿ ಶುರುವಾಯಿತು. ಅದರ ಜೊತೆಗಿದ್ದ ಹ್ಯೂ ರಿಚರ್ಡ್‌ಸನ್ ಲಾಸಾದಲ್ಲಿ ಮೊದಲು ಬ್ರಿಟಿಷರ, ಆಮೇಲೆ ಸ್ವತಂತ್ರ ಭಾರತದ ಪ್ರತಿನಿಧಿಯಾಗಿದ್ದವರು. ಆ ಊರನ್ನ ಬಲ್ಲವರು, ಭಾಷೆ ಬರುತ್ತಿದ್ದವರು. ಅಂಥ ಜನ ಎಷ್ಟು ಸಿಗುತ್ತಾರೆ ಹೇಳಿ? ಹಾಗಾಗಿ ಬಹಳ ವರ್ಷ ಇದು ಕೈಬೆರಳೆಣಿಕೆಯ ಮಂದಿಯ ಕೆಲಸವಾಗೇ ಉಳಿಯಿತು.

ತಿರುವು ಬಂದದ್ದು ಪ್ರವಾಸಿಗರಿಂದ ಅಂದರೆ ನಂಬುತ್ತೀರಾ? 80ರ ದಶಕದಲ್ಲಿ ಚೀನಾ ಟಿಬೆಟನ್ನು ವಿದೇಶಿ ಪ್ರವಾಸಿಗರಿಗೆ ತೆರೆಯಿತು. 1987ರ ಸೆಪ್ಟೆಂಬರಿನಲ್ಲಿ ದಲೈ ಲಾಮಾ ವಾಷಿಂಗ್ಟನ್ನಿನಲ್ಲಿ ಐದು ಅಂಶಗಳ ಶಾಂತಿ ಯೋಜನೆ ಮುಂದಿಟ್ಟರು. ಕೆಲವೇ ದಿನಕ್ಕೆ ಲಾಸಾದಲ್ಲಿ ಬೌದ್ಧ ಭಿಕ್ಷುಗಳು ಬೀದಿಗಿಳಿದರು, ಗುಂಡು ಹಾರಿತು. ಬೆನ್ನಿಗೆ ಬ್ಯಾಗು ಹಾಕಿಕೊಂಡು ಊರು ನೋಡಲು ಬಂದಿದ್ದ ವಿದೇಶಿ ಹುಡುಗ ಹುಡುಗಿಯರು ಇದನ್ನೆಲ್ಲ ಕಣ್ಣಾರೆ ಕಂಡರು, ಫೋಟೋ ತೆಗೆದರು, ಫಿಲ್ಮ್ ರೋಲುಗಳನ್ನ ಹೊರಗೆ ಸಾಗಿಸಿದರು. ಊರಿಗೆ ಹೋದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. 1989ರಲ್ಲಿ ಲಾಸಾದಲ್ಲಿ ಮಿಲಿಟರಿ ಆಡಳಿತ, ಅದೇ ವರ್ಷ ದಲೈ ಲಾಮಾರಿಗೆ ನೊಬೆಲ್. ಗುಂಪುಗಳು ಮಳೆಗಾಲದ ಅಣಬೆ ಥರ ಎದ್ದವು. 1990ರಲ್ಲಿ ಎಲ್ಲರನ್ನೂ ಧರ್ಮಶಾಲೆಗೆ ಕರೆದು ಮೊದಲ ಸಮ್ಮೇಳನ ಮಾಡಿದರು. 1994ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟೂಡೆಂಟ್ಸ್ ಫಾರ್ ಎ ಫ್ರೀ ಟಿಬೆಟ್ ಶುರುವಾಗಿ ಕಾಲೇಜಿಂದ ಕಾಲೇಜಿಗೆ ಹಬ್ಬಿತು. 2000ದಲ್ಲಿ ಇವನ್ನೆಲ್ಲ ಒಂದು ದಾರಕ್ಕೆ ಪೋಣಿಸುವ ಜಾಲವೊಂದು ಬಂತು, ಈಗಿನ ಹೆಸರು ಇಂಟರ್‌ನ್ಯಾಷನಲ್ ಟಿಬೆಟ್ ನೆಟ್‌ವರ್ಕ್.

ಎರಡನೇ ಸಮ್ಮೇಳನದ ಕತೆ ಚೆನ್ನಾಗಿದೆ. 1996, ಜರ್ಮನಿಯ ಬಾನ್. ಸಮ್ಮೇಳನಕ್ಕೆ ಕೈಜೋಡಿಸಿದ್ದು ಅಲ್ಲಿಯ ಫ್ರೀಡ್ರಿಶ್ ನೌಮಾನ್ ಪ್ರತಿಷ್ಠಾನ. ಚೀನಾಕ್ಕೆ ಸಿಟ್ಟು ಬಂತು, ಬೀಜಿಂಗಿನಲ್ಲಿದ್ದ ಆ ಪ್ರತಿಷ್ಠಾನದ ಕಚೇರಿಯನ್ನೇ ಮುಚ್ಚಿಸಿತು. ಮೂರು ಮತ್ತೊಂದು ಜನ ಸೇರಿ ಮಾತಾಡಿದರೆ ಏನಾಗುತ್ತದೆ ಅಂತ ನಾವು ಅಂದುಕೊಳ್ಳಬಹುದು, ಬೀಜಿಂಗ್ ಹಾಗೆ ಅಂದುಕೊಳ್ಳಲಿಲ್ಲ.

ಅದೇ ಜರ್ಮನಿಯಲ್ಲಿ ಅದೇ ವರ್ಷ ಹುಟ್ಟಿದ ಇನ್ನೊಂದು ಅಭಿಯಾನ ನನಗೆ ತುಂಬ ಇಷ್ಟ. ಟಿಬೆಟ್ ಇನಿಷಿಯೇಟಿವ್ ಅನ್ನೋ ಗುಂಪಿನದು. ಮಾರ್ಚ್ 10 ಬಂತು ಅಂದರೆ ಊರೂರಿನ ಟೌನ್ ಹಾಲ್ ಮೇಲೆ ಟಿಬೆಟಿನ ಬಾವುಟ ಹಾರಿಸುವುದು. ಬಾವುಟ ಹೇಗಿದೆ ಅಂದರೆ, ನಡುವೆ ಬಿಳಿ ಹಿಮದ ಬೆಟ್ಟ, ಅದರ ಮುಂದೆ ಎರಡು ಹಿಮಸಿಂಹ, ಬೆಟ್ಟದ ಹಿಂದಿನಿಂದ ಏಳುವ ಹಳದಿ ಸೂರ್ಯ, ಅಲ್ಲಿಂದ ಚಾಚಿದ ಕೆಂಪು ನೀಲಿ ಪಟ್ಟೆಗಳು, ಆರು ಕೆಂಪು ಆರು ನೀಲಿ. ಟಿಬೆಟಿನೊಳಗೆ ಇದನ್ನ ಇಟ್ಟುಕೊಂಡರೆ ಜೈಲು. ಜರ್ಮನಿಯಲ್ಲಿ ಅದನ್ನ ಏರಿಸುವವರು ಚಳಿಗೆ ಕೋಟು ಹಾಕಿಕೊಂಡು ನಿಂತ ಮೇಯರ್ರು, ಪಕ್ಕದಲ್ಲಿ ಆ ಊರಿನ ಹತ್ತಿಪ್ಪತ್ತು ಜನ. ಇಂಥ ಊರುಗಳು ಒಂದೆರಡಲ್ಲ, ನೂರಾರು. ಆದರೆ ಅದರ ಹಿಂದಿನ ಕೆಲಸ ನೋಡಿ: ಬಾವುಟ ಹಾರಬೇಕಾದರೆ ಊರಿನವರೊಬ್ಬರು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಬೇಕು, ಸದಸ್ಯರನ್ನ ಒಪ್ಪಿಸಬೇಕು, ‘ನಮ್ಮೂರಿನ ಚರಂಡಿ ಬಿಟ್ಟು ಟಿಬೆಟ್ ಯಾಕಪ್ಪಾ’ ಅನ್ನುವವರಿಗೆ ಉತ್ತರ ಕೊಡಬೇಕು. ಚೀನಾ ರಾಯಭಾರ ಕಚೇರಿಯವರು ಮೇಯರ್‌ಗಳಿಗೆ ಬಾವುಟ ಹಾರಿಸಬೇಡಿ ಅಂತ ಪತ್ರ ಬರೆದದ್ದೂ ಉಂಟು. ತಳಮಟ್ಟದ ಪ್ರಚಾರ ಅಂತ ಪುಸ್ತಕದಲ್ಲಿ ಬರೆಯುತ್ತಾರಲ್ಲ, ಅದು ಇದೇ.

ಇದರಿಂದೆಲ್ಲ ಏನಾದರೂ ಆಯಿತಾ? ಆದದ್ದೂ ಇದೆ. 1999ರಲ್ಲಿ ವಿಶ್ವಬ್ಯಾಂಕ್ ಚೀನಾದ ಬಡತನ ನಿವಾರಣೆ ಯೋಜನೆಯೊಂದಕ್ಕೆ ಸಾಲ ಕೊಡಲು ಹೊರಟಿತು. ಅದರಲ್ಲಿ 4 ಕೋಟಿ ಡಾಲರ್ ಭಾಗ ಚಿಂಗ್‌ಹೈ ಪ್ರಾಂತ್ಯಕ್ಕೆ. ಸುಮಾರು 58,000 ರೈತರನ್ನ ಟಿಬೆಟನ್ನರು, ಮಂಗೋಲರು ವಾಸವಿರುವ ಡುಲಾನ್ ಜಿಲ್ಲೆಗೆ ತಂದು ನೆಲೆಸುವ ಹಾಗೆ ಮಾಡುವುದು ಅದರ ಲೆಕ್ಕ. ಟಿ.ಎಸ್.ಜಿ.ಗಳು ಕಾಗದ ಪತ್ರ ಕೆದಕಿದವು. ಬ್ಯಾಂಕಿನದೇ ನಿಯಮ ಹಿಡಿದು ಬ್ಯಾಂಕಿನದೇ ತನಿಖಾ ಸಮಿತಿಗೆ ದೂರು ಕೊಟ್ಟವು. ಬ್ಯಾಂಕ್ ತನ್ನ ನಿಯಮಗಳನ್ನೇ ಮುರಿದಿದೆ ಅಂತ ಸಮಿತಿ ಹೇಳಿತು. 2000ದ ಜುಲೈನಲ್ಲಿ ಚೀನಾ ‘ನಿಮ್ಮ ಸಾಲವೇ ಬೇಡ, ನಮ್ಮ ದುಡ್ಡಲ್ಲೇ ಮಾಡುತ್ತೇವೆ’ ಅಂತ ಅರ್ಜಿ ವಾಪಸ್ ಪಡೆಯಿತು. ಗೆದ್ದರು ಅನ್ನಿ. ಆದರೆ ‘ನಮ್ಮ ದುಡ್ಡಲ್ಲೇ’ ಅನ್ನೋ ಮಾತನ್ನೂ ಮರೆಯಬೇಡಿ.

ಸುದ್ದಿಯಾದದ್ದು ಬೇರೆಯವು. 1996ರ ಜೂನಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎರಡು ದಿನದ ಟಿಬೆಟನ್ ಫ್ರೀಡಂ ಕಾನ್ಸರ್ಟ್, ಸುಮಾರು ಒಂದು ಲಕ್ಷ ಜನ. 2008ರ ಏಪ್ರಿಲಿನಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಜ್ಯೋತಿ ಅಲ್ಲಿಗೆ ಬರುವ ಮುಂಚೆ ಮೂವರು ಗೋಲ್ಡನ್ ಗೇಟ್ ಸೇತುವೆಯ ಕೇಬಲ್ ಹತ್ತಿ ಬ್ಯಾನರ್ ಇಳಿಬಿಟ್ಟದ್ದು. ಇವುಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಹಾಡು ಕೇಳಲು ಬಂದ ಲಕ್ಷ ಜನರಲ್ಲಿ ಮುಂದಿನ ವರ್ಷ ಪತ್ರ ಬರೆದವರು ಎಷ್ಟೋ. ಆದರೆ ಆ ಸಂತೆಯಲ್ಲೇ ಕೆಲವರಾದರೂ ಜೀವನಪೂರ್ತಿ ಈ ಕೆಲಸಕ್ಕೆ ಅಂಟಿಕೊಂಡರು ಅನ್ನೋದೂ ನಿಜ.

ಇನ್ನು ಆ ಹಿಂದೆ ಮುಂದೆ ಜಗಳ. ಟಿಬೆಟನ್ ಭಾಷೆಯಲ್ಲಿ ಎರಡು ಪದಗಳಿವೆ. ‘ರಂಗ್‌ಝೆನ್’ ಅಂದರೆ ಪೂರ್ಣ ಸ್ವಾತಂತ್ರ್ಯ. ‘ಉಮೇಲಂ’ ಅಂದರೆ ನಡುದಾರಿ, ಚೀನಾದೊಳಗೇ ಇದ್ದು ನಿಜವಾದ ಸ್ವಾಯತ್ತತೆ ಪಡೆಯುವುದು. ದಲೈ ಲಾಮಾ 1988ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನಡುದಾರಿಯ ಮಾತು ಬಹಿರಂಗವಾಗಿ ಆಡಿದರು. ಬೆಂಬಲಿಗರಿಗೆ ಪೇಚಾಟ ಶುರುವಾಯಿತು. ಅಂಗಿಯ ಮೇಲೆ ‘ಫ್ರೀ ಟಿಬೆಟ್’ ಅಂತ ಇದೆ, ನಾಯಕರು ಸ್ವಾತಂತ್ರ್ಯ ಕೇಳುತ್ತಿಲ್ಲ. ಈಗ ಏನು ಕೂಗೋದು? ಕೆಲವು ಗುಂಪು ನಡುದಾರಿ ಹಿಡಿದವು. ಕೆಲವು, ‘ಟಿಬೆಟನ್ನರೇ ತೀರ್ಮಾನ ಮಾಡಲಿ, ಆ ಹಕ್ಕು ಸಿಗುವ ಹಾಗೆ ಮಾಡೋದಷ್ಟೇ ನಮ್ಮ ಕೆಲಸ’ ಅಂದವು. ನನ್ನ ಪ್ರಕಾರ ಗ್ಯಬ್‌ಕ್ಯೋರ್ ಅನ್ನೋ ಪದಕ್ಕೆ ಹತ್ತಿರ ಇರುವುದು ಈ ಎರಡನೆಯದು.

ಭಾರತದಲ್ಲಿ ಈ ಪದಕ್ಕೆ ಬೇರೆಯೇ ಬಣ್ಣ. ಇಲ್ಲಿ ಟಿಬೆಟನ್ನರು ಅತಿಥಿಗಳು, ಚೀನಾದ ನಾಯಕರು ಬರುತ್ತಾರೆ ಅಂದರೆ ಪೊಲೀಸರು ಮೊದಲೇ ಕೆಲವರನ್ನ ಹಿಡಿದಿಟ್ಟುಕೊಳ್ಳುತ್ತಾರೆ. 2005ರ ಏಪ್ರಿಲಿನಲ್ಲಿ ಚೀನಾದ ಆಗಿನ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿಗೆ ಬಂದಾಗ ಕವಿ ತೆನ್‌ಜಿನ್ ಸುಂಡ್ಯೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರ ಹತ್ತಿ ‘ಫ್ರೀ ಟಿಬೆಟ್’ ಬ್ಯಾನರ್ ಬಿಡಿಸಿ ಕೂಗಿದ. ತಲೆಗೆ ಅದೇ ಕೆಂಪು ಪಟ್ಟಿ, ಟಿಬೆಟಿಗೆ ಬಿಡುಗಡೆ ಸಿಗೋವರೆಗೂ ತೆಗೆಯಲ್ಲ ಅಂತ ಶಪಥ ಮಾಡಿ ಕಟ್ಟಿಕೊಂಡಿರೋದು. ಅವನು ಟಿಬೆಟನ್, ಹಾಗಾಗಿ ಅದು ಟಿ.ಎಸ್.ಜಿ. ಕೆಲಸ ಅಲ್ಲ. 2008ರಲ್ಲಿ ಒಲಿಂಪಿಕ್ ಜ್ಯೋತಿ ದೆಹಲಿಗೆ ಬಂದಾಗ ಸಿಕ್ಕಿಂನ ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ ‘ನಾನು ಹಿಡಿಯಲ್ಲ’ ಅಂದರಲ್ಲ, ಅದು ಬೆಂಬಲ. ವ್ಯತ್ಯಾಸ ಗೊತ್ತಾಯ್ತು ಅಲ್ವಾ?

ಕೊನೆಗೆ ನಮ್ಮ ಕಡೆಯದೇ ಒಂದು ಕತೆ. ಙವಾಂಗ್ ಚೋಫೆಲ್ ಬೆಳೆದದ್ದು ಮುಂಡಗೋಡದ ಕ್ಯಾಂಪಿನಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ತಾಯಿ ಎತ್ತಿಕೊಂಡು ಗಡಿ ದಾಟಿದ್ದರು. ಸಂಗೀತ ಕಲಿತ, ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ವರ್ಮಾಂಟ್‌ಗೆ ಹೋಗಿ ಓದಿದ. 1995ರಲ್ಲಿ ಹಳ್ಳಿ ಹಾಡುಗಳನ್ನ ಚಿತ್ರೀಕರಿಸಲು ಟಿಬೆಟಿಗೆ ಹೋದವನನ್ನ ಪೊಲೀಸರು ಹಿಡಿದರು. ಗೂಢಚಾರಿಕೆ ಅಂತ 18 ವರ್ಷ ಶಿಕ್ಷೆ. ತಾಯಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಗನ ಫೋಟೋ ಇಟ್ಟುಕೊಂಡು ಕೂತರು. ದೊಡ್ಡ ಭಾಷಣ ಇಲ್ಲ, ಬೇಡಿಕೆ ಒಂದೇ: ಮಗನನ್ನ ನೋಡಬೇಕು. ಆ ಫೋಟೋವನ್ನ ಬೆಂಬಲದ ಗುಂಪುಗಳು ದೇಶ ದೇಶಕ್ಕೆ ಮುಟ್ಟಿಸಿದವು. ಪತ್ರದ ಮೇಲೆ ಪತ್ರ ಹೋಯಿತು. ಅವನು ಓದಿದ ವರ್ಮಾಂಟಿನ ಜನ ತಮ್ಮ ಸೆನೆಟರುಗಳನ್ನ ಬಿಡಲಿಲ್ಲ, ಸೆನೆಟರುಗಳು ಬೀಜಿಂಗನ್ನ ಬಿಡಲಿಲ್ಲ. 2000ದ ಆಗಸ್ಟಿನಲ್ಲಿ ತಾಯಿಗೆ ಜೈಲಿನಲ್ಲಿ ಮಗನ ಮುಖ ನೋಡಲು ಬಿಟ್ಟರು. 2002ರ ಜನವರಿಯಲ್ಲಿ ಅನಾರೋಗ್ಯದ ಕಾರಣ ಕೊಟ್ಟು ಬಿಡುಗಡೆ ಮಾಡಿ ಅಮೆರಿಕಕ್ಕೆ ಕಳಿಸಿದರು.

ಹಿಡಿಯುವ ಮುಂಚೆ ಅವನು ಒಂದಷ್ಟು ಟೇಪುಗಳನ್ನ ಹೊರಗೆ ಕಳಿಸಿಬಿಟ್ಟಿದ್ದ. ಆ ಹಾಡುಗಳನ್ನಿಟ್ಟುಕೊಂಡು ಆಮೇಲೆ ಸಿನಿಮಾ ಮಾಡಿದ, 2009ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು.