ತೋಟ ಸಾಹುಕಾರ್ರದು, ನಿದ್ದೆಗೆಟ್ಟವರು ರೈಟರ್

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ಒಂಬತ್ತು ವರ್ಷದಿಂದ ರೈಟರ್ ಆಗಿದ್ದೇನೆ, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವನು. ಕಾಫಿ ಕುಯ್ಲು ಶುರುವಾದರೆ ನನಗೆ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ಹೆಂಚಿನ ಮೇಲೆ ನಾಲ್ಕು ಹನಿ ಬಿದ್ದ ಸದ್ದಾದರೂ ಸಾಕು, ಟಾರ್ಚ್ ಹಿಡಿದು ಕಾಫಿ ಒಣಹಾಕಿದ ಕಣಕ್ಕೆ ಓಡುತ್ತೇನೆ. ಎಷ್ಟೋ ಸಲ ಅದು ಮಳೆಯೇ ಅಲ್ಲ, ಸಿಲ್ವರ್ ಮರದಿಂದ ತೊಟ್ಟಿಕ್ಕುವ ಮಂಜು. ಸಾಹುಕಾರ್ರು ಬೆಂಗಳೂರಿನಲ್ಲಿ ಆರಾಮಾಗಿ ಮಲಗಿರುತ್ತಾರೆ. ‘ತೋಟ ಯಾರದ್ದು, ನಿಮ್ಮದಾ?’ ಅಂತ ಹೆಂಡತಿ ಬೈಯುತ್ತಾಳೆ. ಕೆಲಸದ ಮೇಲೆ ಇಷ್ಟು ಕಾಳಜಿ ಇಟ್ಟುಕೊಂಡಿದ್ದೇ ತಪ್ಪಾ? ಕೆಲಸ ಬಿಡಲಾ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತಲೇ ಇರುತ್ತದೆ. ಹೋಂಸ್ಟೇ ನೋಡಿಕೊಳ್ಳುವವರು ಕೇಳುತ್ತಾರೆ, ನರ್ಸ್‌ಗಳು ಕೇಳುತ್ತಾರೆ, ಮೇಷ್ಟ್ರುಗಳು ಕೇಳುತ್ತಾರೆ. ಅವರಿಗೆಲ್ಲ ಸುತ್ತಲಿನವರು ಕೊಡುವ ಸಲಹೆಯೂ ಒಂದೇ: ‘ಸಂಬಳ ಎಷ್ಟೋ ಅಷ್ಟು ಮಾಡಿ ಸುಮ್ನಿರಿ.’ ಸುಮ್ಮನಿರಲು ಬರುವ ಹಾಗಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲ, ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ. ಕಾಳಜಿ ತಪ್ಪಲ್ಲ. ಆದರೆ ಅದು ದುಬಾರಿ, ಮತ್ತು ಅದರ ಬಿಲ್ಲು ಮೊದಲು ಬರುವುದು ಒಳ್ಳೆ ಕೆಲಸಗಾರನಿಗೇ. 1974ರಲ್ಲಿ ‘ಬರ್ನ್ಔಟ್’ ಅಂತ ಈ ಸುಸ್ತಿಗೆ ಹೆಸರು ಹಿಡಿದು ಬರೆದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅದನ್ನು ಕಂಡಿದ್ದು ಮೈಗಳ್ಳರಲ್ಲಿ ಅಲ್ಲ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದ ಸ್ವಯಂಸೇವಕರಲ್ಲಿ. ಹಗಲು ತಮ್ಮ ವೃತ್ತಿ ನೋಡಿಕೊಂಡು ಸಂಜೆ ಅಲ್ಲಿಗೆ ಹೋಗುತ್ತಿದ್ದ ಫ್ರಾಯ್ಡನ್‌ಬರ್ಗರ್ ಕೂಡ ಅವರಲ್ಲಿ ಒಬ್ಬರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಬರ್ನ್ಔಟ್ ಇದೆ, ಆದರೆ ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದಿಂದ ಹುಟ್ಟುವ ತೊಂದರೆ ಅಂತ. ಮೈಯಲ್ಲಿ ತ್ರಾಣ ಇಲ್ಲದಿರುವುದು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗ್ತಿಲ್ಲ’ ಅನಿಸುವುದು, ಈ ಮೂರನ್ನು ಅದು ಗುರುತಾಗಿ ಹೇಳುತ್ತದೆ. ನಿಮಗೆ ಇನ್ನೂ ಜಿಗುಪ್ಸೆ ಬಂದ ಹಾಗಿಲ್ಲ. ಬಂದಿದ್ದರೆ ಮಂಜಿನ ಹನಿಗೆಲ್ಲ ಏಳುತ್ತಿರಲಿಲ್ಲ.

ಹಾಗಾದರೆ ಸುಡುತ್ತಿರುವುದು ಯಾವುದು? ನಿಮ್ಮ ಕಣವನ್ನೇ ನೋಡೋಣ. ರೊಬಸ್ಟಾ ಕಾಫಿ ಹಣ್ಣು ಸಿಪ್ಪೆ ಸಮೇತ ಒಣಗಿ ಚೆರಿ ಆಗಲು ಒಳ್ಳೆ ಬಿಸಿಲಿದ್ದರೂ 12ರಿಂದ 15 ದಿನ ಬೇಕು. ಅಷ್ಟರೊಳಗೆ ನೆನೆದರೆ ಬೂಷ್ಟು, ಕೆಟ್ಟ ವಾಸನೆ, ರೇಟು ಬೀಳುವುದು. ಅದೇ ಮಳೆ ಕುಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೋ ಮಾರ್ಚಿಗೋ ಬಂದರೆ ಕಾಫಿ ಹೂ ಅರಳಿಸುವ ಹೂಮಳೆ, ಊರೆಲ್ಲ ಖುಷಿ. (ಕೊಡಗಿನಲ್ಲಿ ಮಳೆಗೆ ಒಳ್ಳೆಯದು, ಕೆಟ್ಟದ್ದು ಅಂತ ಇಲ್ಲ. ಬಂದ ತಾರೀಕು ನೋಡಿ ಹೊಗಳುತ್ತೇವೆ ಇಲ್ಲ ಬೈಯುತ್ತೇವೆ.) ಈಗ ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತು ಅನ್ನಿ. ಕುಯ್ಯುವವರನ್ನು ಅರ್ಧಕ್ಕೆ ವಾಪಸ್ ಕರೆದು ಕಣಕ್ಕೆ ಹಾಕಬೇಕಾ? ಸಂಜೆ ನಾಲ್ಕು ಆಳನ್ನು ಹೆಚ್ಚಿಗೆ ನಿಲ್ಲಿಸಿಕೊಂಡರೆ ಅವರ ಕೂಲಿ ಯಾರು ಕೊಡುತ್ತಾರೆ? ಹರಿದ ಟಾರ್ಪಾಲಿಗೆ ಹೊಸದು ತರಲು ಹೇಳಬಹುದಾ? ಬಹುಶಃ ಒಂದೊಂದಕ್ಕೂ ನೀವು ಬೆಂಗಳೂರಿಗೆ ಫೋನ್ ಮಾಡಬೇಕು. ಕಾಫಿ ನೆನೆದರೆ ಮಾತ್ರ ಕೇಳುವುದು ನಿಮ್ಮನ್ನು.

ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿ ಹೇಳಿದ್ದು ಇದನ್ನೇ. ಕೆಲಸದ ಒತ್ತಡ ಜಾಸ್ತಿ ಇದ್ದು, ಮಾಡುವವನ ಕೈಯಲ್ಲಿ ತೀರ್ಮಾನ ಇಲ್ಲದಿದ್ದರೆ ಮನುಷ್ಯ ಸೋಲುತ್ತಾನೆ. ಒತ್ತಡ ಅಷ್ಟೇ ಇದ್ದು ತೀರ್ಮಾನವೂ ಅವನದ್ದೇ ಆಗಿದ್ದರೆ ತಡೆದುಕೊಳ್ಳುತ್ತಾನೆ, ಕಲಿಯುತ್ತಾನೆ ಕೂಡ. ಜರ್ಮನಿಯ ಯೋಹಾನೆಸ್ ಜೀಗ್ರಿಸ್ಟ್ 1996ರಲ್ಲಿ ಇನ್ನೊಂದು ಮಾತು ಸೇರಿಸಿದರು. ಹಾಕಿದ ಶ್ರಮಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗಬೇಕು, ಸಿಕ್ಕಿದ್ದು ಅಂದರೆ ದುಡ್ಡೊಂದೇ ಅಲ್ಲ, ಮರ್ಯಾದೆ ಮತ್ತು ಕೆಲಸದ ಭದ್ರತೆಯೂ ಸೇರಿ. ಕೆಲಸವನ್ನು ಮನೆಗೂ ಹೊತ್ತುಕೊಂಡು ಹೋಗುವ ಸ್ವಭಾವದವರಿಗೆ ಈ ತಾಳೆ ತಪ್ಪಿದಾಗ ಪೆಟ್ಟು ಜಾಸ್ತಿ ಅಂದರು. ನಿಮ್ಮನ್ನೇ ನೋಡಿ ಬರೆದ ಹಾಗಿದೆ.

ನನ್ನನ್ನೂ. ಹಿಂದೆ ಮಡಿಕೇರಿಯ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಒಬ್ಬ ಗಿರಾಕಿ ಬಿಸಿನೀರು ತಡವಾಯಿತು ಅಂತ ಇಂಟರ್ನೆಟ್ಟಿನಲ್ಲಿ ಒಂದೇ ಸ್ಟಾರ್ ಕೊಟ್ಟು ಹೋದ. ಸೋಲಾರ್ ಪೈಪು ರಿಪೇರಿ ಮಾಡಿಸಿ ಅಂತ ಮೂರು ತಿಂಗಳಿಂದ ಹೇಳಿದ್ದೆ, ಮಾಡಿಸಿರಲಿಲ್ಲ. ಆದರೂ ಆ ಒಂದು ಸ್ಟಾರ್ ನೋಡಿಕೊಂಡು ವಾರವಿಡೀ ನಿದ್ದೆಗೆಟ್ಟವನು ನಾನು. ಮಾಲೀಕರು ಅದನ್ನು ಓದಿಯೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಈಗ ಮಾಡುವುದೇನು. ಸಾಹುಕಾರ್ರು ಮುಂದಿನ ಸಲ ತೋಟಕ್ಕೆ ಬಂದಾಗ, ಅವರು ಕಾಫಿ ಕುಡಿದು ನೆಮ್ಮದಿಯಾಗಿ ಕೂತ ಹೊತ್ತು ನೋಡಿ ಕೇಳಿ. ‘ನಿದ್ದೆ ಬರ್ತಿಲ್ಲ’ ಅಂತ ಶುರು ಮಾಡಬೇಡಿ. ‘ಮೋಡ ಕಂಡರೆ ನಿಮ್ಮನ್ನು ಕೇಳದೆ ನಾಲ್ಕು ಆಳು ನಿಲ್ಲಿಸಿಕೊಂಡು ಹೆಚ್ಚಿನ ಕೂಲಿ ಕೊಡಬಹುದಾ ಸಾರ್? ಎಷ್ಟರವರೆಗೆ ಕೊಡಬಹುದು?’ ಅಂತ ಕೇಳಿ. ರಾತ್ರಿ ಕಣ ಕಾಯಲು ಒಬ್ಬರಿಗೆ ಕುಯ್ಲು ಮುಗಿಯುವವರೆಗೆ ಕೂಲಿ ಹಾಕಿಸಿಕೊಳ್ಳಿ. ತೋಟದ ಲೆಕ್ಕದಲ್ಲಿ ಇದು ಸಣ್ಣ ಖರ್ಚು, ಒಂದು ಸಲ ಕಾಫಿ ನೆನೆದರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಅವರಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ. ಒಪ್ಪಿದ್ದನ್ನು ಸಂಜೆಯೇ ವಾಟ್ಸಾಪಿನಲ್ಲಿ ಬರೆದು ಕಳಿಸಿಬಿಡಿ.

ಚೆಕ್‌ರೋಲ್ ಅಂದರೆ ಹಾಜರಿ ಪುಸ್ತಕದ ಕೊನೆ ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ: ನನ್ನದು, ಸಾಹುಕಾರ್ರದು, ಮಳೆಯದು. ರಾತ್ರಿ ತಲೆಗೆ ಬಂದ ಚಿಂತೆಯನ್ನು ಬೆಳಿಗ್ಗೆ ಅದರಲ್ಲಿ ಎಲ್ಲಾದರೂ ಒಂದು ಕಡೆ ಬರೆಯಿರಿ. ಸಂಜೆ ಹಣ್ಣು ರಾಶಿ ಮಾಡಿಸಿದ್ದು, ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಇಡಿಸಿದ್ದು ನಿಮ್ಮದು. ಟಾರ್ಪಾಲು ಹಳೆಯದಾಗಿದ್ದು ಸಾಹುಕಾರ್ರದು. ಸುಮ್ನೆ ಆಟ ಅನಿಸಬಹುದು. ನನಗೆ ಎರಡನೇ ವಾರಕ್ಕೆ ಗೊತ್ತಾಗಿದ್ದು, ‘ನನ್ನದು’ ಅನ್ನುವ ಸಾಲು ನಾನು ಅಂದುಕೊಂಡದ್ದಕ್ಕಿಂತ ತುಂಬ ಗಿಡ್ಡ ಇತ್ತು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಎರಡು ವಾರ ಕಳೆದರೂ ನಿದ್ದೆ ಸರಿಯಾಗದಿದ್ದರೆ, ಊಟ ಸೇರದಿದ್ದರೆ, ನಿದ್ದೆಗೆ ಅಂತ ಶುರುವಾದ ಒಂದು ಪೆಗ್ ಮೂರಾಗಿದ್ದರೆ, ಬದುಕೇ ಬೇಡ ಅನಿಸಿದರೆ, ಇದು ತೋಟದ ವಿಷಯ ಅಲ್ಲ, ಡಾಕ್ಟರ ವಿಷಯ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದರೂ ಆಯಿತು.

ಕೆಲಸ ಬಿಡುವ ಮಾತು ಕುಯ್ಲಿನ ನಡುವೆ ಬೇಡ. ನಿದ್ದೆಗೆಟ್ಟ ತಲೆಯಲ್ಲಿ ಮಾಡಿದ ತೀರ್ಮಾನ ಆಮೇಲೆ ನಮಗೇ ಗುರುತು ಸಿಗುವುದಿಲ್ಲ. ಕೊನೆ ಲೋಡು ಸಿಪ್ಪೆ ತೆಗೆಸುವ ಕ್ಯೂರಿಂಗ್‌ಗೆ ಹೋಗಲಿ. ಒಂದು ವಾರ ರಜೆ ಹಾಕಿ ಹೆಂಡತಿಯ ತವರಿಗೆ ಹೋಗಿ ಬನ್ನಿ, ಬೈದದ್ದಕ್ಕೆ ಅಷ್ಟಾದರೂ ಸಲ್ಲಬೇಕು. ವಾಪಸ್ ಬಂದ ಮೇಲೆ ನೋಡಿ, ಕೇಳಿದ್ದರಲ್ಲಿ ಎಷ್ಟು ಸಿಕ್ಕಿತು ಅಂತ. ಆಳಿನ ಕೂಲಿಯೂ ಇಲ್ಲ, ಹೊಸ ಟಾರ್ಪಾಲೂ ಇಲ್ಲ, ಒಂದು ಒಳ್ಳೆ ಮಾತೂ ಇಲ್ಲ ಅಂದರೆ ಆಗ ಬೇರೆ ತೋಟ ವಿಚಾರಿಸಿ. ಒಂಬತ್ತು ವರ್ಷ ಒಂದೇ ಕಡೆ ನಿಂತ ರೈಟರನ್ನು ಹುಡುಕುತ್ತಿರುವವರು ಸುಂಟಿಕೊಪ್ಪ ಸಂತೆಯಲ್ಲೇ ನಿಮಗೆ ಎದುರಾಗುತ್ತಾರೆ.